ಪುಟ್ಟನ ಕೈ ಮತ್ತು ಕಾಕಾನ ಫಾರ್ವರ್ಡ್

ಬಾಗಲಕೋಟೆ ಮನೆಮಂದಿ (ವಾಟ್ಸಾಪ್ ಗುಂಪು)

ಶಿವಪ್ಪ ಕಾಕಾ: "ಎಚ್ಚರ! ಕುದುರೆಗೆ ಕೊಡುವ ಕೆಟಮಿನ್ ಇಂಜೆಕ್ಷನ್ ಈಗ ಮಕ್ಕಳಿಗೆ! ಎಲ್ಲರಿಗೂ ಕಳಿಸಿ." ರೇಖಾ, ನಾಳೆ ಪುಟ್ಟನ ಕೈ ಎಲುಬು ಕೂಡಿಸುವಾಗ ಕೊಡೋದು ಇದೇ ಅಲ್ವಾ? ಬೇಡ ಅಂತ ಹೇಳವ್ವಾ.

ಮಹಾಂತೇಶ: ಕಾಕಾ, ದಿನಾ ದನ, ನಾಯಿ ನೋಡುವವನು ನಾನು, ನನ್ನ ಮಾತು ಸ್ವಲ್ಪ ಕೇಳ್ರಿ. ಪ್ರಾಣಿಗಳಿಗೆ ಕೊಡುತ್ತೇವೆ, ಸುಳ್ಳಲ್ಲ. ಆದರೆ ಮನುಷ್ಯರಿಗೂ ಇದು ಹಳೆಯ ಅರಿವಳಿಕೆ ಔಷಧ. 1962ರಲ್ಲಿ ಅಮೆರಿಕದಲ್ಲಿ ತಯಾರಾಯಿತು, 1970ರಲ್ಲಿ ಅಲ್ಲಿ ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೂ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ.

ರೇಖಾ: ಕಣ್ಣು ತೆರೆದೇ ಇರುತ್ತದಂತಲ್ಲೋ ತಮ್ಮಾ. ನೋವು ಗೊತ್ತಾದರೆ?

ಮಹಾಂತೇಶ: ಗೊತ್ತಾಗಲ್ಲ ಅಕ್ಕಾ. ಹೋದ ವಾರ ಒಂದು ಮುಧೋಳ ನಾಯಿ ತಂತಿ ಬೇಲಿಗೆ ಸಿಕ್ಕು ತೊಡೆ ಹರಿದುಕೊಂಡು ಬಂದಿತ್ತು. ಝೈಲಜಿನ್ ಅನ್ನೋ ಮಂಪರಿನ ಔಷಧದ ಜೊತೆ ಇದನ್ನೇ ಕೊಟ್ಟೆ. ಕಣ್ಣು ಪೂರ್ತಿ ತೆರೆದಿತ್ತು, ಒಣಗಬಾರದು ಅಂತ ಮುಲಾಮು ಹಚ್ಚಿದೆ, ಅಷ್ಟುದ್ದ ಹೊಲಿಗೆ ಹಾಕಿದರೂ ಒಂದು ಸಲವೂ ಕಾಲು ಎಳೆದುಕೊಳ್ಳಲಿಲ್ಲ, ಎದೆ ಮಾತ್ರ ಸಮನಾಗಿ ಏರಿ ಇಳಿಯುತ್ತಿತ್ತು. ಇದರ ದೊಡ್ಡ ಗುಣ ಅದೇ. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಸಾಮಾನ್ಯವಾಗಿ ಉಸಿರು ನಿಲ್ಲಲ್ಲ, ಬಿಪಿ ಬೀಳಲ್ಲ. ಪುಟ್ಟನ ತೂಕ ನೋಡಿಯೇ ಕೊಡುತ್ತಾರೆ, ಪಕ್ಕದಲ್ಲಿ ಅರಿವಳಿಕೆ ಡಾಕ್ಟರ್ ಇರುತ್ತಾರೆ.

ಬಸು: ಅಣ್ಣಾ, ಇದನ್ನ ನಶೆಗೂ ತಗೋತಾರಲ್ಲ?

ಮಹಾಂತೇಶ: ತಗೋತಾರೆ, ತಗೊಂಡು ಮೂತ್ರಕೋಶ ಹಾಳು ಮಾಡಿಕೊಳ್ಳುತ್ತಾರೆ. ಅದಕ್ಕೇ ನಮ್ಮ ದೇಶದಲ್ಲಿ 2013ರಲ್ಲಿ ಶೆಡ್ಯೂಲ್ ಎಕ್ಸ್‌ಗೆ, ಅಂದರೆ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕಾದ ಔಷಧಗಳ ಪಟ್ಟಿಗೆ, ಸೇರಿಸಿದರು. ನಾನೂ ಬೀರುವಿಗೆ ಬೀಗ ಹಾಕಿ ಇಡುತ್ತೇನೆ, ಬಳಸಿದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಆಪರೇಷನ್ ಕೋಣೆಯಲ್ಲಿ ಒಂದು ಸಲ ಕೊಡುವುದೂ ಅದೂ ಒಂದೇ ಅಲ್ಲ.

ಶಿವಪ್ಪ ಕಾಕಾ: ಏನೂ ತೊಂದರೆ ಇಲ್ಲ ಅಂತೀಯಾ ಹಾಗಾದರೆ?

ಮಹಾಂತೇಶ: ಹಾಗನ್ನಲ್ಲ ಕಾಕಾ. ವಾಂತಿ ಆಗಬಹುದು. ಏಳುವಾಗ ಬೆದರಬಹುದು, ಏನೇನೋ ಮಾತಾಡಬಹುದು. ಅಕ್ಕಾ, ಆಗ ನೀನು ಹತ್ತಿರ ಕೂತಿರು, ಎಲ್ಲರೂ ಸುತ್ತ ನಿಂತು ಗದ್ದಲ ಮಾಡಬೇಡಿ. ನನಗೆ ಚಿಂತೆ ಇರೋದು ಬೇರೆ ಕಡೆ. ಹೊಟ್ಟೆ ಖಾಲಿ ಇರಬೇಕು. ಡಾಕ್ಟರ್ ಹೇಳಿದ ಹೊತ್ತಿನ ಮೇಲೆ ಹಾಲು, ಬಿಸ್ಕಿಟು ಏನೂ ಬೇಡ, ಅತ್ತರೂ ಬೇಡ.

ರೇಖಾ: ಅವ್ವ ಬೆಳಿಗ್ಗೆ ಒಂದು ಲೋಟ ಹಾಲು ಕುಡಿಸಿ ಕಳಿಸೋಣ ಅಂತಿದ್ದಳು. ಈಗಲೇ ಹೇಳುತ್ತೇನೆ.

ಶಿವಪ್ಪ ಕಾಕಾ: ಮಹಾಂತೇಶಾ, ಓಣಿ ಗುಂಪಿಗೂ ಇದನ್ನ ಹಾಕಿಬಿಟ್ಟಿದ್ದೆ. ತೆಗೆದೆ. ನೀನು ಬರೆದಿದ್ದನ್ನ ಅಲ್ಲಿಗೆ ಕಳಿಸಲಾ?