2ಎಚ್‌ಗೆ ಹಾಕಿದರೂ ಫೋರ್ ವೀಲ್ ಲೈಟ್ ಆರುತ್ತಿಲ್ಲ, ತಿರುವಿನಲ್ಲಿ ಗಾಡಿ ಹಿಡಿದುಕೊಳ್ಳುತ್ತಿದೆ

ಮುಳಬಾಗಿಲು ಪಿಕಪ್:
ತಲೆ ಕೆಟ್ಟು ಹೋಗಿದೆ. ತೋಟದಿಂದ ಟೊಮೆಟೊ ತುಂಬಿಕೊಂಡು ಬರುವಾಗ ಕೆಸರಿತ್ತು, 4ಎಚ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ) ಹಾಕಿದ್ದೆ. ಡಾಂಬರು ರಸ್ತೆಗೆ ಬಂದ ಮೇಲೆ 2ಎಚ್‌ಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ತಂದೆ. ಲಿವರ್ ಬಂತು, ಆದರೆ ಮೀಟರ್‌ನಲ್ಲಿ ಲೈಟ್ ಆರಲೇ ಇಲ್ಲ. ಮಂಡಿ ಗೇಟಿನ ಹತ್ತಿರ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಬ್ರೇಕ್ ಒತ್ತಿದ ಹಾಗೆ ಗಾಡಿ ನಿಲ್ಲುತ್ತದೆ, ಕೆಳಗಿನಿಂದ ಟಕ್ ಅಂತ ಏಟು. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಅಂತಿದ್ದಾರೆ. ಕೊಯ್ಲು ನಡೀತಿದೆ, ಗಾಡಿ ನಿಂತರೆ ಮಾಲು ತೋಟದಲ್ಲೇ ಕೊಳೆಯುತ್ತೆ. ಗೊತ್ತಿದ್ದವರು ಬೇಗ ಹೇಳಿ.

ಕೋಲಾರ ವೈರಿಂಗ್:
ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಬಲ ಹಂಚೋ ಪೆಟ್ಟಿಗೆ) ಮೇಲಿರೋ, ಲೈಟ್ ಹತ್ತಿಸೋ ಸ್ವಿಚ್ ಹೋಗಿದೆ. ಕೆಸರು ನೀರು ವೈರ್ ಜೋಡಿಸೋ ಕಪ್ಲರ್ ಒಳಗೆ ಸೇರಿ ಹಸಿರು ಕಟ್ಟಿರುತ್ತೆ. ಬಿಚ್ಚಿ ಸ್ಪ್ರೇ ಹೊಡೆಯಿರಿ, ಲೈಟ್ ಆರುತ್ತೆ.

ಬೇತಮಂಗಲ ಜೀಪು:
ಲೈಟಿನ ಮಾತು ಆಮೇಲೆ ಸಾರ್. ತಿರುವಿನಲ್ಲಿ ಗಾಡಿ ಹಿಡಿಯುವುದಕ್ಕೂ ಸ್ವಿಚ್ಚಿಗೂ ಏನು ಸಂಬಂಧ? ಮುಳಬಾಗಿಲಿನವರೇ, ಯಾವ ಥರದ ಗಾಡಿ, ಲಿವರ್ರೋ ಬಟನ್ನೋ? 4ಎಚ್‌ನಲ್ಲಿ ಗಟ್ಟಿ ರಸ್ತೆ ಮೇಲೆ ಎಷ್ಟು ದೂರ ಬಂದಿರಿ?

ಮುಳಬಾಗಿಲು ಪಿಕಪ್:
ಲಿವರ್ ಇರೋ ಪಿಕಪ್ಪು ಅಣ್ಣ. ಡಾಂಬರಿನ ಮೇಲೆ ಬಂದೇ ಇಲ್ಲ, ಹತ್ತಿದ ತಕ್ಷಣ ತೆಗೆದೆ. ಅದಕ್ಕೆ ಮುಂಚೆ ಊರೊಳಗಿನ ಸಿಮೆಂಟ್ ರಸ್ತೆ, ಅಷ್ಟೇ.

ಬೇತಮಂಗಲ ಜೀಪು:
ಸಿಮೆಂಟ್ ರಸ್ತೆಯೂ ಗಟ್ಟಿ ನೆಲವೇ. ಊರೊಳಗೆ ಮೂಲೆ ಮೂಲೆಗೂ ತಿರುವು ಬೇರೆ. ತಿರುಗುವಾಗ ಹಿಂದಿನ ಚಕ್ರಕ್ಕಿಂತ ಮುಂದಿನ ಚಕ್ರ ದೊಡ್ಡ ಸುತ್ತು ಹಾಕುತ್ತೆ. 2ಎಚ್‌ನಲ್ಲಿ ಮುಂದಿನವು ಸುಮ್ನೆ ಉರುಳಿಕೊಂಡು ಹೋಗುತ್ತವೆ. ನಿಮ್ಮಂಥ ಪಿಕಪ್ಪಿನಲ್ಲಿ ಮಧ್ಯೆ ಡಿಫರೆನ್ಶಿಯಲ್ (ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡೋ ಗೇರು) ಇಲ್ಲ, 4ಎಚ್ ಹಾಕಿದರೆ ಮುಂದಿನ ಶಾಫ್ಟೂ ಹಿಂದಿನ ಶಾಫ್ಟೂ ಒಂದೇ ವೇಗದಲ್ಲೇ ತಿರುಗಬೇಕು. ಕೆಸರಲ್ಲಿ ಟೈರ್ ಒಂಚೂರು ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತೆ. ಸಿಮೆಂಟು ಜಾರಲು ಬಿಡಲ್ಲ. ಆ ತಿರುಚು ಶಾಫ್ಟಿನಲ್ಲೇ ಕೂತುಬಿಡುತ್ತೆ. ಎರಡು ಶಾಫ್ಟನ್ನೂ ಜೋಡಿಸೋ ಸ್ಲೀವ್ ಹಲ್ಲು ಕಚ್ಚಿಕೊಂಡು ಜರುಗಲ್ಲ. ಲಿವರ್ ಬಂದ ಹಾಗೆ ಕಂಡರೂ ಒಳಗೆ 4ಎಚ್‌ನಲ್ಲೇ ಇದೆ. ಲೈಟ್ ನಿಜ ಹೇಳ್ತಿದೆ.

ಮಣ್ಣಿನ ಜಾಗಕ್ಕೆ ಹೋಗಿ. ಸ್ಟೇರಿಂಗ್ ನೇರ ಇಟ್ಟು, ಲಿವರ್ 2ಎಚ್‌ನಲ್ಲೇ ಬಿಟ್ಟು, ರಿವರ್ಸ್‌ನಲ್ಲಿ ನಿಧಾನಕ್ಕೆ ನಾಲ್ಕೈದು ಮೀಟರ್ ಹೋಗಿ. ಕ್ಲಚ್ ಒತ್ತಿ ಬಿಟ್ಟು ಮಾಡಿ. ಬಿಟ್ಟುಕೊಳ್ಳುತ್ತೆ.

ಕೋಲಾರ ವೈರಿಂಗ್:
ನಾನು ಇಂಥ ಗಾಡಿ ಎಷ್ಟೋ ನೋಡಿದ್ದೀನಿ. ಮೊದಲು ಸ್ವಿಚ್ ನೋಡಲಿ. ಖರ್ಚೂ ಕಡಿಮೆ.

ಚಿಂತಾಮಣಿ ಗೂರ್ಖಾ:
ನನ್ನ ಗೂರ್ಖಾ ಗಾಡಿಯಲ್ಲಿ ಮುಂದೆ ಹಿಂದೆ ಎರಡಕ್ಕೂ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗೋ ಹಾಗೆ ಮಾಡೋದು) ಇದೆ. ಕೆರೆ ಅಂಗಳದಲ್ಲಿ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತೆ, ಒಳಗೆ ಗೋಡು ಮಣ್ಣು ಬೆಣ್ಣೆ ಥರ. ಅಂಥ ಕಡೆಯೂ ಎದ್ದು ಬಂದಿದೆ. ಲಾಕ್ ಇಲ್ಲದ ಗಾಡಿಯಲ್ಲಿ ಕೆಸರಿಗೆ ಇಳಿಯಲೇಬಾರದು.

ಬೇತಮಂಗಲ ಜೀಪು:
ಡಿಫ್ ಲಾಕ್ ಎಡ ಬಲ ಚಕ್ರಗಳ ವಿಷಯ. ಇಲ್ಲಿರೋದು ಮುಂದೆ ಹಿಂದಿನ ಜಗಳ. ದಯವಿಟ್ಟು ಬೆರೆಸಬೇಡಿ.

ಮುಳಬಾಗಿಲು ಪಿಕಪ್:
ಅಣ್ಣ, ಮಂಡಿ ಪಕ್ಕದ ಮಣ್ಣಿನಲ್ಲಿ ರಿವರ್ಸ್ ತೆಗೆದೆ. ಧಡ್ ಅಂತ ಶಬ್ದ ಬಂದು ಲೈಟ್ ಆರಿತು! ಸ್ಟೇರಿಂಗ್ ಹಗುರ ಆಯ್ತು. ಆದರೆ ಸಂಜೆ ಮತ್ತೆ ಅದೇ ಕಥೆ. ಈ ಸಲ ಊರೊಳಗೆ ಹೋಗಿಲ್ಲ, ಕಾಲುವೆ ಪಕ್ಕದ ಹೊಸ ಡಾಂಬರಿನಲ್ಲಿ ನೇರವಾಗಿ ಬಂದೆ. ಮಳೆ ಬಂದು ಒದ್ದೆ ಇತ್ತು ಅಂತ 4ಎಚ್‌ನಲ್ಲೇ ಇಟ್ಟಿದ್ದೆ. ತಿರುವೇ ಇಲ್ಲದೆ ಯಾಕೆ ಹಿಡಿಯುತ್ತೆ?

ಕೋಲಾರ ವೈರಿಂಗ್:
ಅದೇ ಹೇಳಿದ್ದು. ಸ್ವಿಚ್.

ಶಿರಾ ಡೀಸೆಲ್:
ಒದ್ದೆ ಡಾಂಬರಿನಲ್ಲಿ 4ಎಚ್ ಹಾಕಬಹುದು. ಜೋರು ಮಳೆಯಲ್ಲಿ ಹೈವೇ ಮೇಲೆ ನಾನು ಹಾಕ್ತೀನಿ, ಏನೂ ಆಗಿಲ್ಲ.

ಬೇತಮಂಗಲ ಜೀಪು:
ಒದ್ದೆ ಆದ ಮಾತ್ರಕ್ಕೆ ಡಾಂಬರು ಹಿಡಿತ ಬಿಡಲ್ಲ. ಡಾಂಬರಿನ ಮೇಲೆ ಕೆಮ್ಮಣ್ಣು ಹರಿದು ಪದರ ಕಟ್ಟಿದ್ದರೆ ಅದು ಬೇರೆ ಮಾತು, ಅಲ್ಲಿ ಹಾಕಿ, ದಾಟಿದ ಮೇಲೆ ತೆಗೆಯಿರಿ. ಇನ್ನೊಂದು, 4ಎಚ್ ಇದ್ದರೆ ಬ್ರೇಕ್ ಬೇಗ ಹಿಡಿಯುತ್ತೆ ಅನ್ನೋ ನಂಬಿಕೆಯಲ್ಲಿ ಜನ ಮಳೆಯಲ್ಲಿ ಓಡಿಸ್ತಾರೆ. ಬ್ರೇಕ್ ನಾಲ್ಕು ಚಕ್ರಕ್ಕೂ ಯಾವಾಗಲೂ ಇದ್ದೇ ಇದೆ.

ಶಿರಾ ಡೀಸೆಲ್:
ಬ್ರೇಕ್ ಮಾತು ನಾನು ಆಡೇ ಇಲ್ವಲ್ಲ. ನನ್ನ ಅನುಭವ ಹೇಳಿದೆ.

ಮಧುಗಿರಿ ಟೈರ್:
ನೇರ ರಸ್ತೆಯಲ್ಲೇ ಹಿಡಿಯುತ್ತೆ ಅಂದರೆ ಟೈರ್ ನೋಡಬೇಕು. ಯಾರೂ ಕೇಳಲೇ ಇಲ್ಲ. ನಾಲ್ಕೂ ಒಂದೇ ಸೈಜು, ಒಂದೇ ಸವೆತ ಇದೆಯಾ?

ಮುಳಬಾಗಿಲು ಪಿಕಪ್:
ಸೈಜು ಒಂದೇ ಸಾರ್. ಮುಂದಿನ ಎರಡು ಹೊಸದು, ಮೊನ್ನೆ ಹಾಕಿಸಿದ್ದು. ಹಿಂದಿನವು ಇನ್ನೂ ಓಡುತ್ತವೆ ಅಂತ ಬಿಟ್ಟೆ.

ಮಧುಗಿರಿ ಟೈರ್:
ಸಿಕ್ಕಿತು ನೋಡಿ. ಅಳೆದುಬಿಡಿ. ಲೋಡ್ ಇರುವಾಗಲೇ, 2ಎಚ್‌ನಲ್ಲಿ. ಮುಂದಿನ ಟೈರಿನ ಪಕ್ಕಕ್ಕೆ, ನೆಲ ಮುಟ್ಟೋ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ, ನೆಲದ ಮೇಲೂ ಒಂದು ಗೆರೆ. ಯಾರಾದರೂ ಗಾಡಿಯನ್ನು ನಿಧಾನಕ್ಕೆ ಮುಂದಕ್ಕೆ ಬಿಡಲಿ. ಟೈರಿನ ಗೆರೆ ಒಂದು ಸುತ್ತು ಹಾಕಿ ಮತ್ತೆ ಕೆಳಗೆ ಬಂದಾಗ ನಿಲ್ಲಿಸಿ, ಟೇಪ್ ಹಿಡಿಯಿರಿ. ಹಿಂದಿನದಕ್ಕೂ ಹಾಗೇ. ಗಾಳಿ ಎಷ್ಟಿದೆ ಅಂತಲೂ ನೋಡಿ.

ಮುಳಬಾಗಿಲು ಪಿಕಪ್:
ಮುಂದೆ 2 ಮೀಟರ್ 15 ಸೆಂಟಿಮೀಟರ್. ಹಿಂದೆ 2 ಮೀಟರ್ 11. ಹಿಂದೆ ಗಾಳಿಯೂ ಕಡಿಮೆ ಇತ್ತು.

ಮಧುಗಿರಿ ಟೈರ್:
ಒಂದು ಸುತ್ತಿಗೆ 4 ಸೆಂಟಿಮೀಟರ್ ಅಂದರೆ ಕಿಲೋಮೀಟರಿಗೆ ಸುಮಾರು 19 ಮೀಟರ್ ವ್ಯತ್ಯಾಸ. ನೇರ ರಸ್ತೆಯಲ್ಲೂ ಶಾಫ್ಟ್ ತಿರುಚುತ್ತಲೇ ಇರುತ್ತೆ. ಹೊಸ ಟೈರು, ಸವೆದ ಟೈರು, ಮೇಲೆ ಟೊಮೆಟೊ ಬಾಕ್ಸಿನ ಭಾರ, ಕಡಿಮೆ ಗಾಳಿ, ಎಲ್ಲ ಸೇರಿಕೊಂಡಿದೆ. ಲೋಡಿಗೆ ಡೋರಿನ ಪಟ್ಟಿಯಲ್ಲಿ ಬರೆದಿರುವಷ್ಟು ಗಾಳಿ ತುಂಬಿಸಿ. ಆದಷ್ಟು ಬೇಗ ಹಿಂದಿನವೂ ಅದೇ ಕಂಪನಿ, ಅದೇ ಮಾದರಿ ಹಾಕಿಸಿ. ಗೇರ್‌ಬಾಕ್ಸ್ ಸದ್ಯಕ್ಕೆ ಇಳಿಸಬೇಡಿ, ಟ್ರಾನ್ಸ್‌ಫರ್ ಕೇಸಿನ ಆಯಿಲ್ ಮಾತ್ರ ತೆಗೆಸಿ ನೋಡಿ. ಲೋಹದ ಚೂರು ಇದ್ದರೆ ಆಗ ಬಿಚ್ಚಬೇಕು.

ಬೇತಮಂಗಲ ಜೀಪು:
ಟೈರ್ ವಿಷಯ ಸರಿಯಾಗಿ ಹಿಡಿದಿರಿ. ಪಿಕಪ್ಪಿನವರೇ, ಮತ್ತೆ ಹಿಡಿದುಕೊಂಡರೆ ಜಾಕ್ ಹಾಕಿ ಚಕ್ರ ಎತ್ತಿ ಬಿಡಿಸು ಅಂತ ಯಾರಾದರೂ ಹೇಳ್ತಾರೆ. ಬೇಡ. ತುಂಬಿದ ತಿರುಚು ಒಂದೇ ಏಟಿಗೆ ಬಿಟ್ಟುಕೊಳ್ಳುತ್ತೆ, ಗಾಡಿ ಜಾಕಿನಿಂದ ಜಾರಬಹುದು. ರಸ್ತೆ ಅಂಚಿನ ಮಣ್ಣಿಗೆ ಇಳಿಸಿ, ಸಾಕು. 4ಎಲ್ (ನಾಲ್ಕೂ ಚಕ್ರಕ್ಕೆ ಬಲ, ನಿಧಾನದ ಗೇರ್) ಕೂಡ ಹೀಗೇ. ಕೆಸರು ದಿಬ್ಬಕ್ಕೂ ಕಡಿದಾದ ಇಳಿಜಾರಿಗೂ ಇರೋದು, ಗಾಡಿ ಪೂರ್ತಿ ನಿಲ್ಲಿಸಿಯೇ ಹಾಕಿ.

ಮುಳಬಾಗಿಲು ಪಿಕಪ್:
ಆಯಿಲ್ ತೆಗೆಸಿದೆ, ಚೂರು ಇಲ್ಲ. ಗಾಳಿ ತುಂಬಿಸಿದೆ. ಈಗ ತೋಟದ ಗೇಟು ದಾಟಿ ಸಿಮೆಂಟ್ ಶುರುವಾಗುವ ಮುಂಚೆಯೇ 2ಎಚ್‌ಗೆ ತರ್ತಿದ್ದೀನಿ, ಲೈಟ್ ತಕ್ಷಣ ಆರುತ್ತೆ. ಹಿಂದಿನ ಟೈರು ಈ ಕೊಯ್ಲಿನ ದುಡ್ಡು ಕೈಗೆ ಬಂದ ಮೇಲೆ. ಇಬ್ಬರಿಗೂ ಕೈ ಮುಗೀತೀನಿ.

ಕೋಲಾರ ವೈರಿಂಗ್:
ಒಳ್ಳೇದಾಯ್ತು. ಆದರೂ ಮಳೆಗಾಲ ಮುಗಿದ ಮೇಲೆ ಸ್ವಿಚ್ ಕಪ್ಲರ್ ಒಂದು ಸಲ ಬಿಚ್ಚಿ ನೋಡಿ.

ಗೌರಿಬಿದನೂರು ಮರಳು:
ಇಲ್ಲೇ ಕೇಳ್ತೀನಿ. ಪಿನಾಕಿನಿ ಹೊಳೆಯ ಒಣ ಮರಳಿನಲ್ಲಿ 4ಎಚ್ ಹಾಕಿದರೂ ನನ್ನ ಗಾಡಿ ಹೂತುಕೊಳ್ಳುತ್ತೆ. ಟೈರಿನಲ್ಲಿ 35 ಪಿಎಸ್‌ಐ ಇದೆ.

ಚಿಂತಾಮಣಿ ಗೂರ್ಖಾ:
ಗಾಳಿ 18-20 ಪಿಎಸ್‌ಐಗೆ ಇಳಿಸಿ, ನಿಧಾನಕ್ಕೆ ಒಂದೇ ಸಮ ಹೋಗಿ, ಸ್ಟೇರಿಂಗ್ ಜೋರಾಗಿ ತಿರುಗಿಸಬೇಡಿ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸಿ. ಕಂಪ್ರೆಸರ್ ಇಟ್ಟುಕೊಂಡಿದ್ದೀರಾ?