ಪದ ಬೇಕು: ಹಾರಾಟದ ನಡುವೆ ಪೈಲಟ್ 'ಇನ್‌ಕೆಪ್ಯಾಸಿಟೇಟ್' ಆದರೆ?

ತುಮಕೂರಿನಿಂದ:
ರಾತ್ರಿಯೊಳಗೆ ಪುಟ ಕಳಿಸಬೇಕು, ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ದೂರದ ವಿಮಾನಗಳಲ್ಲಿ ಪೈಲಟ್ ಇನ್‌ಕೆಪ್ಯಾಸಿಟೇಟ್ ಆದರೆ, ಅಂದರೆ ಏನೋ ಆಗಿ ವಿಮಾನ ಓಡಿಸಲು ಆಗದೆ ಹೋದರೆ, ಏನು ಮಾಡುತ್ತಾರೆ ಅನ್ನುವ ಲೇಖನದ ಅನುವಾದ. 'ಅಸ್ವಸ್ಥ' ಅನ್ನಬೇಡಿ. ಮದುವೆ ಊಟ ಮಾಡಿ ಹತ್ತು ಜನ ಅಸ್ವಸ್ಥರಾದರು ಅಂತ ಬರೆಯುವ ಪದ ಅದು. (ಪೈಲಟ್‌ಗಳಿಗೂ ಜಾಸ್ತಿ ಕೈಕೊಡುವುದು ಹೊಟ್ಟೆಯೇ. ಅದಕ್ಕೇ ಇಬ್ಬರಿಗೂ ಬೇರೆ ಬೇರೆ ಊಟ ಕೊಡುವ ರೂಢಿ.) 'ಪ್ರಜ್ಞೆ ತಪ್ಪಿದ' ಕೂಡ ಆಗಲ್ಲ, ಯಾಕಂದ್ರೆ ಕಣ್ಣು ಬಿಟ್ಟುಕೊಂಡು, ಕೈ ಕಂಟ್ರೋಲ್ ಮೇಲೇ ಇಟ್ಟುಕೊಂಡು, ತಲೆ ಮಾತ್ರ ಓಡದೆ ಕೂತಿರುವವರೂ ಈ ಲೆಕ್ಕಕ್ಕೇ ಬರುತ್ತಾರೆ. ಎರಡು ಸಲ ಕರೆದರೂ ಸರಿಯಾದ ಉತ್ತರ ಬರದಿದ್ದರೆ ಪಕ್ಕದವರು 'ಐ ಹ್ಯಾವ್ ಕಂಟ್ರೋಲ್' ಅಂತ ಹೇಳಿ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಆಮೇಲೆ ಸಿಬ್ಬಂದಿ ಬಂದು ಅವರನ್ನು ಬೆಲ್ಟಿಗೆ ಬಿಗಿದು, ಸೀಟು ಹಿಂದಕ್ಕೆ ಸರಿಸುತ್ತಾರೆ.

ಕೋಲಾರದಿಂದ:
'ಆರಮೆ'. ಹಳಗನ್ನಡದ 'ಆರ್' ಅಂದರೆ ಶಕ್ತನಾಗು. ಮಾಡಲಾರೆ, ಬರಲಾರ ಎಲ್ಲ ಅದರಿಂದಲೇ. ಅರಿಯಮೆ ಇದ್ದ ಹಾಗೆ ಆರಮೆ. ಮನೆಯಲ್ಲೇ ಬೇರು ಇರುವಾಗ ಸಂಸ್ಕೃತದ ಹತ್ತಿರ ಸಾಲಕ್ಕೆ ಯಾಕೆ ಹೋಗಬೇಕು? ಮೊದಲು ಆ 'ಪೈಲಟ್' ತೆಗೆಯಿರಿ.

ತುಮಕೂರಿನಿಂದ:
ಸರ್, 'ಪೈಲಟ್‌ಗೆ ಆರಮೆ' ಅಂತ ಹಾಕಿದರೆ ಅಚ್ಚಿನ ತಪ್ಪು ಅಂದುಕೊಂಡು ಎಲ್ಲರೂ 'ಆರಾಮ' ಅಂತ ಓದ್ಕೋತಾರೆ. 2009ರಲ್ಲಿ ಬ್ರಸೆಲ್ಸ್‌ನಿಂದ ನ್ಯೂವಾರ್ಕ್‌ಗೆ ಹೊರಟ ಕಾಂಟಿನೆಂಟಲ್ ಏರ್‌ಲೈನ್ಸ್ ವಿಮಾನದ ಕ್ಯಾಪ್ಟನ್ ಅಟ್ಲಾಂಟಿಕ್ ಮೇಲೆ ತೀರಿಕೊಂಡರು, ಉಳಿದ ಇಬ್ಬರು ಪೈಲಟ್‌ಗಳು ಇಳಿಸಿದರು. ಲೇಖನ ಶುರುವಾಗುವುದೇ ಅಲ್ಲಿಂದ. ಅಲ್ಲಿ ಆರಾಮ ಅಂತ ಓದಿಸಲಾ?

ಚಿಕ್ಕಬಳ್ಳಾಪುರದಿಂದ:
'ಕೈಸೋತ' ಆಗುತ್ತಲ್ವಾ? ಬೀಸುಕಲ್ಲಿನ ಮುಂದೆ ಕೂತು ನಮ್ಮಜ್ಜಿ ಹೇಳುತ್ತಿದ್ದ ಮಾತು. 'ಕೈಲಾಗದ' ಮಾತ್ರ ಬೇಡ, ಬೈಗುಳ ಆಗಿಬಿಡುತ್ತೆ. ಪೈಲಟ್ ಇರಲಿ ಬಿಡಿ. ಬಸ್ಸು, ಡ್ರೈವರ್ ಬಂದಾಗ ಯಾರು ಅತ್ತರು?

ಕೋಲಾರದಿಂದ:
ಕೈಸೋಲುವುದು ದಣಿವು. ಇಲ್ಲಿ ದಣಿವಿನ ಮಾತೇ ಇಲ್ಲ. ಡ್ರೈವರ್ ಬಗ್ಗೆಯೂ ಇಲ್ಲೇ ಹೇಳಿದ್ದೆ, ಯಾರೂ ಕೇಳಲಿಲ್ಲ. ಅಜ್ಜಿಯನ್ನು ಬಿಟ್ಟು ವ್ಯಾಕರಣ ಮಾತಾಡೋಣ.

ಚಿಕ್ಕಬಳ್ಳಾಪುರದಿಂದ:
ವ್ಯಾಕರಣವೂ ಸಂಸ್ಕೃತವೇ, ಮೇಷ್ಟ್ರೇ.

ತುಮಕೂರಿನಿಂದ:
ಪುಟ ಹೋಯಿತು. 'ವಿಮಾನ ನಡೆಸಲಾರದ ಸ್ಥಿತಿ' ಅಂತ ಹಾಕಿದೆ. ಉದ್ದ ಆಯ್ತು, ಆದರೆ ತಲೆಬರಹದಲ್ಲಿ ಹೇಗೋ ಕೂತಿತು.

ಕೋಲಾರದಿಂದ:
ನಡೆಸಲ್ + ಆರದ. ನಾನು ಹೇಳಿದ್ದೂ ಅದೇ ತಾನೇ. 'ಸ್ಥಿತಿ' ದಂಡ.