ಅಪ್‌ಡೇಟ್: ಮೆಲಟೋನಿನ್‌ನಿಂದ ಟೆಸ್ಟೋಸ್ಟೆರಾನ್ ಇಳಿಯುತ್ತಾ? ಎರಡನೇ ರಿಪೋರ್ಟ್ ಬಂತು

ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಓದ್ತಿರೋರಿಗೆ: ವೈಟ್‌ಫೀಲ್ಡ್‌ನಲ್ಲಿ ನೈಟ್ ಶಿಫ್ಟ್, ಹಗಲು ನಿದ್ದೆಗೆ 10 ಮಿ.ಗ್ರಾಂ ಮೆಲಟೋನಿನ್ ಮಾತ್ರೆ (ರಾತ್ರಿ ಹೊತ್ತು ದೇಹವೇ ಸ್ರವಿಸೋ ನಿದ್ದೆ ಹಾರ್ಮೋನ್). ಶಿಫ್ಟ್ ಮುಗಿಸಿ, ದರ್ಶಿನಿಯಲ್ಲಿ ದೋಸೆ ತಿಂದು, ಬೆಳಿಗ್ಗೆ 8ಕ್ಕೆ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್) 238 ng/dL, ಅಂದ್ರೆ ಕಡಿಮೆ. ಮಾತ್ರೆಯೇ ಕಾರಣವಾ ಅನ್ನೋದು ನನ್ನ ಪ್ರಶ್ನೆ.

ಕೆಲಸ ಮಾಡಿದ್ದು "ಮಾತ್ರೆ ಮುಂದುವರಿಸಿ, ಟೆಸ್ಟ್ ಸರಿಯಾಗಿ ಮಾಡಿಸಿ" ಅಂದವರ ಮಾತು. ಟೆಸ್ಟೋಸ್ಟೆರಾನ್ ಏರೋದು ನಿದ್ದೆಯ ಜೊತೆಗೆ. ರಾತ್ರಿಯೆಲ್ಲ ಎಚ್ಚರ ಇದ್ದವರಿಗೆ ಗಡಿಯಾರದ ಬೆಳಿಗ್ಗೆ 8 ಲೆಕ್ಕಕ್ಕಿಲ್ಲ. ಊಟ, ತಿಂಡಿ ಆದ್ಮೇಲೂ ಅದು ಇಳಿಯುತ್ತೆ. ಈ ಸಲ ರಜೆಯಲ್ಲಿ ರಾತ್ರಿ ನಿದ್ದೆಗೆ ಹೊಂದಿಕೊಂಡು, ಎದ್ದ ಎರಡು ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಅದೇ ಲ್ಯಾಬಲ್ಲಿ: 436, ಅಂದ್ರೆ ನಾರ್ಮಲ್. ಪಿಟ್ಯುಟರಿ ಗ್ರಂಥಿಯ ಹಾರ್ಮೋನ್‌ಗಳಾದ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸೋಕೆ ವೃಷಣಕ್ಕೆ ಹೇಳೋದು), ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಮೂರೂ ನಾರ್ಮಲ್. ಮೆಲಟೋನಿನ್ ನಿಲ್ಲಿಸಿರಲಿಲ್ಲ.

ಅಶ್ವಗಂಧ ಸಲಹೆ ಬಿಟ್ಟೆ. ಒಟ್ಟಿಗೆ ಎರಡು ಬದಲಾಯಿಸಿದ್ರೆ ಕಾರಣ ಗೊತ್ತಾಗಲ್ಲ.

ಮೆಲಟೋನಿನ್ ಬಗ್ಗೆ ಭಯ ಹುಟ್ಟಿಸೋ ಮಾತುಗಳ ಮೂಲ ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿ. ಚಳಿಗಾಲದ ಉದ್ದ ರಾತ್ರಿಯಲ್ಲಿ ಮೆಲಟೋನಿನ್ ಜಾಸ್ತಿ ಹೊತ್ತು ಸ್ರವಿಸಿ ಅದರ ವೃಷಣ ಕುಗ್ಗುತ್ತೆ. ಕುರಿಗಳಲ್ಲಿ ಪೂರ್ತಿ ಉಲ್ಟಾ, ಅದೇ ಸಂಕೇತ ಸಂತಾನ ಋತುವನ್ನ ಶುರು ಮಾಡುತ್ತೆ. ಗಂಡಸರಿಗೆ ಅಂಥ ಋತು ಇಲ್ಲ. ಸಾಮಾನ್ಯ ಡೋಸ್‌ನಲ್ಲಿ ಎಲ್‌ಎಚ್, ಟೆಸ್ಟೋಸ್ಟೆರಾನ್ ಇಳಿದದ್ದು ಅಧ್ಯಯನಗಳಲ್ಲಿ ಸ್ಥಿರವಾಗಿ ಕಂಡಿಲ್ಲ.

ಇನ್ನೊಂದು ಮುಖ್ಯ ವಿಷಯ: ಕೂದಲಿಗೆ ಬಯೋಟಿನ್ (ಒಂದು ಬಿ ವಿಟಮಿನ್) ತಗೊಳ್ಳೋರು ಟೆಸ್ಟ್‌ಗೆ ಮುಂಚೆ ಲ್ಯಾಬಿಗೆ ಹೇಳಿ. ಅದರಿಂದ ಕೆಲವು ಮಷೀನ್‌ಗಳಲ್ಲಿ ಟೆಸ್ಟೋಸ್ಟೆರಾನ್ ಸುಳ್ಳಾಗಿ ಜಾಸ್ತಿ, ಎಲ್‌ಎಚ್ ಸುಳ್ಳಾಗಿ ಕಡಿಮೆ ತೋರಿಸುತ್ತೆ. ಡಾಕ್ಟರ್ ನನ್ನ ಮೆಲಟೋನಿನ್ ಡೋಸನ್ನ 3 ಮಿ.ಗ್ರಾಂಗೆ ಇಳಿಸಿದ್ದಾರೆ, ನಿದ್ದೆ ಮೊದಲಿನಷ್ಟೇ ಬರ್ತಿದೆ.